ಟ್ರ್ಯಾಕ್‌ಗೆ ಕಡಿಮೆ ಖರ್ಚಿನ ಕಿಟ್ ಕಾರು: ವರ್ಸಾ, ಜಿಪ್ಸಿ, ಈಕೋ, ಎಸ್ಟೀಮ್ - ಬಳ್ಳಾರಿಯಲ್ಲಿ ಕಟ್ಟಲು ಯಾವುದು ಸರಿ?

ಕೌಲ್ ಬಜಾರ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಎರಡು ಸೀಟಿನ, ಮೇಲ್ಛಾವಣಿಯಿಲ್ಲದ ಹಗುರವಾದ ಕಾರೊಂದನ್ನು ಕೈಯಾರೆ ಕಟ್ಟಬೇಕೆಂದಿದ್ದೇನೆ. ರಸ್ತೆಗೆ ಇಳಿಸುವ ಆಸೆಯಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕ್‌ನಲ್ಲಿ ಸಾಮಾನ್ಯರೂ ತಮ್ಮ ಕಾರು ಓಡಿಸುವ ದಿನ) ಇದ್ದಾಗ ಓಡಿಸಿ ಬರಬೇಕು, ಅಷ್ಟೇ. ಮನಸ್ಸಿನಲ್ಲಿರುವುದು ಲೋಟಸ್ ಸೆವೆನ್ ಮಾದರಿ: ಉದ್ದ ಮೂತಿ, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ.

ಕೈಯಲ್ಲಿರುವ ಹಣ ನಾಲ್ಕು ಲಕ್ಷ. ಮಾವನವರ ಫ್ಯಾಬ್ರಿಕೇಷನ್ ಶೆಡ್ ಇದೆ, ಮಿಗ್ ವೆಲ್ಡಿಂಗ್ ಯಂತ್ರವಿದೆ, ಗೋಡೆಯಾಚೆಗೇ ಲೇಥ್ ಇದೆ. ಗೇಟು, ಗ್ರಿಲ್ಲು, ಗೋದಾಮಿನ ಟ್ರಸ್ ಮಾಡಿದ ಅನುಭವವಿದೆ. ಕಾರು ಕಟ್ಟಿದ ಅನುಭವವಿಲ್ಲ.

ಬ್ರಿಟನ್ನಿನಿಂದ ಕಿಟ್ ತರಿಸಬಹುದು. ಇಲ್ಲವೇ ಚೌಕಟ್ಟನ್ನು ನಾನೇ ಮಾಡಿಕೊಂಡು ಹಳೆಯ ಮಾರುತಿ ವರ್ಸಾ ಅಥವಾ ಜಿಪ್ಸಿಯ ಎಂಜಿನ್ ಕೂರಿಸಬಹುದು. ಎಸ್ಟೀಮ್ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಡುವ ದಾರಿಯೂ ಇದೆ. ಯಾವುದನ್ನು ಆರಿಸಲಿ?

ಕೊಪ್ಪಳ ಕೋಟೆ (ಕೊಪ್ಪಳ)

ತಮ್ಮಾ, ಕನಸು ಕಾಣುವುದಾದರೆ ಅಸಲಿಯದನ್ನೇ ಕಾಣು. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ಸೆವೆನ್ ತಂದಾಗ ಅದು ಬಡವನ ರೇಸ್ ಕಾರಾಗಿತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡವರಿಗೆ ಬ್ರಿಟನ್ನಿನ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಕಿಟ್ ಕಾರಿನ ಹುಚ್ಚು ಬೆಳೆದದ್ದೇ ಆ ಸಂದಿನಲ್ಲಿ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಪಾಲಾಯಿತು. ಇಂದಿಗೂ ಅವರು ಅದನ್ನೇ ಮಾಡಿ ಮಾರುತ್ತಿದ್ದಾರೆ. ಒಂದೊಂದು ಬೋಲ್ಟಿಗೂ ಲೆಕ್ಕವಿರುವ ಕಿಟ್ ಅದು.

ಗಂಗಾವತಿ ಗ್ಯಾರೇಜ್ (ಕೊಪ್ಪಳ ಜಿಲ್ಲೆ)

ಕೋಟೆ ಸಾಹೇಬರೇ, ನಾಲ್ಕು ಲಕ್ಷಕ್ಕೆ ಆ ಕಿಟ್‌ನ ಪೆಟ್ಟಿಗೆಯೂ ಬರುವುದಿಲ್ಲ. ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ ಬೇರೆ. ಒಂದು ವಿಷ್‌ಬೋನ್ (ಚಕ್ರವನ್ನು ಚೌಕಟ್ಟಿಗೆ ಹಿಡಿಯುವ ತೋಳು) ಬಾಗಿದರೆ ಅದಕ್ಕೂ ಬ್ರಿಟನ್ನಿಗೇ ಪತ್ರ ಬರೆಯುತ್ತಾ ಕೂರಬೇಕು.

ಆದರೆ ನಿಮ್ಮ ಕೇಟರ್‌ಹ್ಯಾಮ್‌ನಿಂದಲೇ ನಮಗೊಂದು ಪಾಠವಿದೆ. 2013ರಲ್ಲಿ ಅವರು ತಂದ ಅಗ್ಗದ ಸೆವೆನ್ 160ರಲ್ಲಿ ಇದ್ದದ್ದು ಸುಝುಕಿಯ 660 ಸಿಸಿ, ಮೂರು ಸಿಲಿಂಡರಿನ ಟರ್ಬೊ ಎಂಜಿನ್. ಗೇರ್‌ಬಾಕ್ಸ್ ಸುಝುಕಿಯದು, ಹಿಂದಿನ ಇಡೀ ಆಕ್ಸಲ್ಲೂ ಸುಝುಕಿಯದೇ. 80 ಅಶ್ವಶಕ್ತಿ, 490 ಕೆ.ಜಿ. ಆಮೇಲೆ ಬಂದ 170 ಇನ್ನೂ ಇಳಿದು 440 ಕೆ.ಜಿ.ಗೆ ನಿಂತಿತು. ಅಂದರೆ ಸಣ್ಣ ಸುಝುಕಿ ವಾಹನದ ಕರುಳು ಕಿತ್ತು ಹಗುರ ಚೌಕಟ್ಟಿಗೆ ಹಾಕಿದರೆ ಅದು ನಕಲಿ ಸೆವೆನ್ ಅಲ್ಲ, ಕಂಪನಿಯವರೇ ಹಿಡಿದ ದಾರಿ. ನಮ್ಮ ಊರುಗಳಲ್ಲಿ ಸುಝುಕಿ ಬಿಡಿಭಾಗಕ್ಕೆ ಬರವೇ?

ಬಿಸಿಲೂರು (ರಾಯಚೂರು)

ಬೇಡದ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಹಳೆಯ ಎಸ್ಟೀಮ್ ಅಥವಾ 2010ಕ್ಕೆ ಮುಂಚಿನ, ಮೊದಲ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್ ಕೊಳ್ಳಿ. ಎರಡರಲ್ಲೂ ಅದೇ 1.3 ಲೀಟರಿನ ಜಿ13 ಎಂಜಿನ್ ಕುಟುಂಬ. ಹಿಂದಿನ ಸೀಟು, ಕಾರ್ಪೆಟ್, ಎಸಿ ಎಲ್ಲ ಕಿತ್ತು ಬಿಸಾಕಿ. ಒಳ್ಳೆಯ ಬ್ರೇಕ್ ಪ್ಯಾಡ್, ಟೈರು, ರೋಲ್ ಕೇಜ್ (ಕಾರು ಮಗುಚಿದರೆ ಚಾಲಕನನ್ನು ಕಾಯುವ ಪೈಪಿನ ಪಂಜರ), ಒಂದು ಬಕೆಟ್ ಸೀಟು ಹಾಕಿಸಿ. ಒಂದೆರಡು ತಿಂಗಳಲ್ಲಿ ಟ್ರ್ಯಾಕ್ ಮೇಲಿರುತ್ತೀರಿ. ಕಿಟ್ ಕಾರು ಶುರು ಮಾಡಿದವರಲ್ಲಿ ಎಷ್ಟೋ ಜನ ಅದನ್ನು ಮುಗಿಸುವುದೇ ಇಲ್ಲ. ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ್ ಹೊದ್ದು ಮಲಗಿರುತ್ತದೆ.

ಕೌಲ್ ಬಜಾರ್ (ಬಳ್ಳಾರಿ)

ಕಾಕಾ, ಸಿಟ್ಟೇನೂ ಇಲ್ಲ. ಓಡಿಸುವುದಷ್ಟೇ ಗುರಿಯಾಗಿದ್ದರೆ ನಿಮ್ಮ ಮಾತೇ ಸರಿ. ನನಗೆ ಅರ್ಧ ಆಸೆ ಓಡಿಸುವುದರಲ್ಲಿ, ಅರ್ಧ ಕಟ್ಟುವುದರಲ್ಲಿ.

ಸಿಂಧನೂರು ವಕೀಲ (ರಾಯಚೂರು ಜಿಲ್ಲೆ)

ಮೊದಲು ಕಾಗದಪತ್ರದ ಮಾತು ಮುಗಿಸೋಣ, ಇದನ್ನು ಯಾರೂ ಎತ್ತಿಲ್ಲ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಆದ್ದರಿಂದ ಮನೆಯಲ್ಲಿ ಕಟ್ಟಿದ ಕಾರಿಗೆ ವರ್ಸಾದ ನಂಬರ್ ಫಲಕ ತೂಗುಹಾಕಿ ಹೊಸಪೇಟೆ ರಸ್ತೆಯಲ್ಲಿ 'ಸುಮ್ಮನೆ ಒಂದು ಸುತ್ತು' ಹೋಗುವ ಯೋಚನೆ ಇದ್ದರೆ ಈಗಲೇ ಬಿಡಿ.

ಇನ್ನೊಂದು. ಎಂಜಿನ್ ಕೊಡುವ ದಾನಿ ವಾಹನವನ್ನು ಬಿಚ್ಚಿ ಮುಗಿಸಿದ ಮೇಲೆ ಅದು ಶಾಶ್ವತವಾಗಿ ಬಳಕೆಗೆ ಬಾರದಂತಾಗುತ್ತದೆ. ಹಾಗಾದ ವಾಹನದ ವಿಷಯವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ಪತ್ರ ಒಪ್ಪಿಸಬೇಕು, ಅದು 55ನೇ ಕಲಮು. ಇದನ್ನು ಮಾಡದೆ ಬಿಟ್ಟರೆ ಕಾಗದದ ಮೇಲೆ ಆ ವಾಹನ ನಿಮ್ಮ ಹೆಸರಿನಲ್ಲಿ ಓಡಾಡುತ್ತಲೇ ಇರುತ್ತದೆ. ನಂಬರನ್ನು ಬೇರೆ ಯಾರೋ ಬಳಸಿ ಏನಾದರೂ ಮಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಬಿಸಿಲೂರು ಅವರ ಸ್ವಿಫ್ಟ್‌ಗೂ ಒಂದು ಮಾತು: ಸಾಮಾನ್ಯ ವಾಹನ ವಿಮೆಯಲ್ಲಿ ಆಯೋಜಿತ ರೇಸು, ವೇಗ ಪರೀಕ್ಷೆಗಳನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕ್‌ನಲ್ಲಿ ಗೋಡೆಗೆ ಗುದ್ದಿ ವಿಮೆ ಕೇಳಲು ಹೋದರೆ ಬರಿಗೈ.

ಹಳೆಯ ಬಾಜಾ (ಬಳ್ಳಾರಿ)

ಎಂಜಿನಿಯರಿಂಗ್ ಓದುವಾಗ ಬಾಜಾ (ವಿದ್ಯಾರ್ಥಿಗಳೇ ಬಗ್ಗಿ ಕಟ್ಟಿ ಓಡಿಸುವ ಸ್ಪರ್ಧೆ) ತಂಡದಲ್ಲಿ ಚೌಕಟ್ಟಿನ ಕೆಲಸ ಮಾಡಿದವನು ನಾನು. ಎಂಜಿನ್ ಬಗ್ಗೆ ಆಮೇಲೆ ಜಗಳವಾಡಿ, ಮೊದಲು ಉಕ್ಕಿನ ಮಾತು.

ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ 'ಲೋಕಾಸ್ಟ್' ಎಂಬ ಪದ್ಧತಿ ಹಬ್ಬಿತು: ಅಂಗಡಿಯಲ್ಲಿ ಸಿಗುವ ಚೌಕ ಟ್ಯೂಬಿನಿಂದ ಸೆವೆನ್ ತರಹದ ಚೌಕಟ್ಟು, ಅದಕ್ಕೆ ಹಳೆಯ ಫೋರ್ಡ್ ಎಸ್ಕಾರ್ಟ್‌ನ ಎಂಜಿನ್ನು, ಆಕ್ಸಲ್ಲು. ಟ್ಯೂಬು 25 ಮಿ.ಮೀ. ಚೌಕ, ಗೋಡೆಯ ದಪ್ಪ 1.6 ಮಿ.ಮೀ. ಇದು ಮೀಟರಿಗೆ ಸುಮಾರು 1.2 ಕೆ.ಜಿ. ತೂಗುತ್ತದೆ. ನಮ್ಮಲ್ಲಿ ಕೆಲಸ ಕೆಡುವುದು ಇಲ್ಲೇ. ಲಾರಿ ಬಾಡಿ ಕಟ್ಟುವವರ ಕೈಗೆ ಕೊಟ್ಟರೆ 'ಇಷ್ಟು ತೆಳ್ಳಗೆ ಸಾಲದು' ಎಂದು 3 ಮಿ.ಮೀ. ದಪ್ಪದ್ದನ್ನು ಹಾಕುತ್ತಾರೆ. ಅದು ಮೀಟರಿಗೆ 2 ಕೆ.ಜಿ. ದಾಟುತ್ತದೆ. 45 ಮೀಟರ್ ಟ್ಯೂಬು ಎಂದುಕೊಂಡರೂ ಬರೀ ಚೌಕಟ್ಟಿನಲ್ಲಿ 40 ಕೆ.ಜಿ. ಹೆಚ್ಚಾಯಿತು. ಈ ಕಾರಿನ ಗಟ್ಟಿತನ ಇರುವುದು ತ್ರಿಕೋನಗಳಲ್ಲಿ. ಓರೆ ಪಟ್ಟಿ ಇಲ್ಲದ ಚೌಕವನ್ನು 3 ಮಿ.ಮೀ.ಯಲ್ಲಿ ಮಾಡಿದರೂ ಅದು ತಿರುಚಿಕೊಳ್ಳುತ್ತದೆ.

ಚೌಕಟ್ಟು ಬೇರೆ, ರೋಲ್ ಕೇಜ್ ಬೇರೆ. ಅಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಜಾಗತಿಕ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎಯ ನಿಯಮದಲ್ಲಿ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ, ಅಥವಾ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪ್ ಎಂದಿದೆ. ಪೆಂಡಾಲ್ ಹಾಕುವ ಪೈಪನ್ನು ಬಾಗಿಸಿ ಬಣ್ಣ ಬಳಿದು 'ಕೇಜ್' ಎನ್ನುವವರನ್ನು ನೋಡಿದ್ದೇನೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರಳಲ್ಲಿ ಬದುಕುವ ನಮಗೆ ಉಕ್ಕಿಗೇನು ಬರ ಎಂದುಕೊಳ್ಳಬೇಡಿ. ಈ ಪೈಪು ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ. ಹೊರಗಿನಿಂದ ತರಿಸಿ, ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆಯಿರಿ.

ಸಂಡೂರು ಲಾರಿ ಬಾಡಿ

ಬಾಜಾ ಅವರೇ, ನಾವು 3 ಮಿ.ಮೀ. ಹಾಕುವುದು ಅದಿರು ತುಂಬುವ ಲಾರಿಗೆ. ಮಕ್ಕಳಾಟಿಕೆಯ ಕಾರಿಗೆ ಏನು ಹಾಕಬೇಕೆಂದು ನಕ್ಷೆ ಕೊಟ್ಟರೆ ಹಾಗೇ ಮಾಡಿಕೊಡುತ್ತೇವೆ. ನಕ್ಷೆ ಕೊಡದೆ 'ಗಟ್ಟಿಯಾಗಿರಲಿ ಅಣ್ಣ' ಎಂದು ಹೇಳಿ ಹೋದವರಿಗೆ ಗಟ್ಟಿಯಾದದ್ದೇ ಸಿಗುತ್ತದೆ.

ಕೌಲ್ ಬಜಾರ್ ತಮ್ಮನಿಗೆ: ತೆಳುವಾದ ಟ್ಯೂಬಿನಲ್ಲಿ ಒಂದು ಮೂಲೆಯನ್ನು ಪೂರ್ತಿ ಬೆಸೆದು ಮುಂದಿನದಕ್ಕೆ ಹೋಗಬೇಡ, ಶಾಖಕ್ಕೆ ಚೌಕಟ್ಟು ಸೊಟ್ಟಗಾಗುತ್ತದೆ. ಸಮತಟ್ಟಾದ ಮೇಜಿನ ಮೇಲೆ ಎಲ್ಲವನ್ನೂ ಟ್ಯಾಕ್ ಹಾಕು (ಚುಕ್ಕೆಯಷ್ಟೇ ಬೆಸೆದು ನಿಲ್ಲಿಸು), ಕರ್ಣಗಳನ್ನು ಟೇಪಿನಿಂದ ಅಳೆ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಎಂದು ಅದಲು ಬದಲಾಗಿ ಬೆಸೆ.

ಹಳೆಯ ಬಾಜಾ (ಬಳ್ಳಾರಿ)

ತಪ್ಪು ತಿಳಿಯಬೇಡಿ ಅಣ್ಣ. ನೀವು ಹೇಳಿದ ಕ್ರಮ ನೂರಕ್ಕೆ ನೂರು ಸರಿ.

ಗಂಗಾವತಿ ಗ್ಯಾರೇಜ್ (ಕೊಪ್ಪಳ ಜಿಲ್ಲೆ)

ಈಗ ಎಂಜಿನ್ ಮಾತಿಗೆ ಬರೋಣ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ, ಎಂಜಿನ್ ಉದ್ದಕ್ಕೆ ಮಲಗಿರುವ ಅಗ್ಗದ ಪೆಟ್ರೋಲ್ ವಾಹನ ನಮ್ಮಲ್ಲಿ ಬೆರಳೆಣಿಕೆಯಷ್ಟೇ.

ವರ್ಸಾ: ವ್ಯಾನಿನ ಹೊಟ್ಟೆಯಲ್ಲಿ 1298 ಸಿಸಿ, 16 ವಾಲ್ವಿನ ಎಂಜಿನ್, 82 ಅಶ್ವಶಕ್ತಿ. ಸೆವೆನ್ ಕಟ್ಟುವವನಿಗೆ ಕೈಗೆ ಬಂದ ವರ. ಆದರೆ ಅದು ಮಾರಾಟವಾದದ್ದೇ ಕಡಿಮೆ, ನಿಂತು ಹೋಗಿ ಬಹಳ ಕಾಲವಾಯಿತು.

ಜಿಪ್ಸಿ: ಅದೇ ಎಂಜಿನ್, ಉದ್ದಕ್ಕೆ ಕೂತಿದೆ. ಇದರ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಮಧ್ಯೆ ಸಣ್ಣ ಶಾಫ್ಟ್ ಇಟ್ಟು ಪ್ರತ್ಯೇಕವಾಗಿದೆ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ನೇರ ಪ್ರೊಪೆಲ್ಲರ್ ಶಾಫ್ಟ್ ಮಾಡಿಸಬಹುದು. ಆ ಪೆಟ್ಟಿಗೆ 'ಹೈ'ನಲ್ಲಿದ್ದಾಗಲೂ ಸುಮಾರು 1.4 ಪಟ್ಟು ವೇಗ ತಗ್ಗಿಸುತ್ತದೆ. ತೆಗೆದುಬಿಟ್ಟರೆ ಗೇರುಗಳು ಉದ್ದವಾಗಿ, ಗುಡ್ಡ ಹತ್ತುವ ಗಾಡಿಯ ಹಲ್ಲು ಟ್ರ್ಯಾಕ್‌ಗೆ ಹೊಂದುತ್ತದೆ. ತೊಂದರೆ ಏನೆಂದರೆ ಆಕ್ಸಲ್ ಭಾರ, ಮತ್ತು ಆಫ್‌ರೋಡ್ ಹುಡುಗರು ಜಿಪ್ಸಿಯ ಬೆಲೆಯನ್ನು ಮುಗಿಲಿಗೇರಿಸಿದ್ದಾರೆ.

ಆಮ್ನಿ: 796 ಸಿಸಿ, ಲೀಫ್ ಸ್ಪ್ರಿಂಗಿನ ಹಿಂಬದಿ. ಅಗ್ಗ, ಆದರೆ ಶಕ್ತಿ ಸಾಲದು ಎಂದು ಬೇಗ ಬೇಸರವಾಗುತ್ತದೆ.

ಈಕೋ: 2010ರಲ್ಲಿ ಬಂದದ್ದು 1196 ಸಿಸಿ, 73 ಅಶ್ವಶಕ್ತಿ. ಹಿಂದೆ ಕಾಯಿಲ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್. ಶಾಲಾ ವ್ಯಾನು, ಆಂಬುಲೆನ್ಸು, ತರಕಾರಿ ಗಾಡಿ, ಎಲ್ಲೆಲ್ಲೂ ಇದೇ.

ಪೂರ್ತಿ ಕಾರು 560 ಕೆ.ಜಿ.ಗೆ ಬಂದರೆ ವರ್ಸಾ ಎಂಜಿನ್ನಿನಲ್ಲಿ ಟನ್ನಿಗೆ 146 ಅಶ್ವಶಕ್ತಿ, ಈಕೋದಲ್ಲಿ 130. ಸುಮಾರು 1,000 ಕೆ.ಜಿ.ಯ ಸ್ವಿಫ್ಟ್‌ನಲ್ಲಿ 87 ಮಾತ್ರ. ವರ್ಸಾ, ಈಕೋ ನಡುವಿನ ಅಂತರಕ್ಕಿಂತ ಹಗುರ ಕಾರಿಗೂ ಡಬ್ಬಿ ಕಾರಿಗೂ ಇರುವ ಅಂತರವೇ ದೊಡ್ಡದು. ಹೀಗಾಗಿ ನನ್ನ ಪ್ರಶ್ನೆ ಅಶ್ವಶಕ್ತಿಯದ್ದಲ್ಲ: ಎರಡನೆಯ ಗೇರ್‌ಬಾಕ್ಸ್ ಎಲ್ಲಿ ಸಿಗುತ್ತದೆ? ಟ್ರ್ಯಾಕ್ ಕಾರಿನಲ್ಲಿ ಗೇರ್‌ಬಾಕ್ಸ್ ಹೋಗಿಯೇ ಹೋಗುತ್ತದೆ. ಆ ದಿನ ಫೋನ್ ಮಾಡಿದರೆ ಸಂಜೆಯೊಳಗೆ ಇನ್ನೊಂದು ಬರುವಂತಿರಬೇಕು. ಗಂಗಾವತಿ, ರಾಯಚೂರು, ಬಳ್ಳಾರಿಯ ಗುಜರಿಗಳಲ್ಲಿ ಈಕೋದ್ದು ಸಿಗುತ್ತದೆ. ವರ್ಸಾದ್ದು ಕೇಳಿದರೆ 'ನೋಡೋಣ ಅಣ್ಣ' ಎನ್ನುತ್ತಾರೆ. ಆ 'ನೋಡೋಣ' ಎಷ್ಟು ಉದ್ದವೆಂದು ಗ್ಯಾರೇಜಿನವರಿಗೆ ಗೊತ್ತು.

ಕೊಪ್ಪಳ ಕೋಟೆ (ಕೊಪ್ಪಳ)

ಕಾಂಟೆಸ್ಸಾ ಮರೆತಿರಾ? ಇಸುಝು 1.8 ಎಂಜಿನ್, ಹಿಂಬದಿ ಚಾಲನೆ. ಚಿಂಕಾರಾ ಮೋಟರ್ಸ್‌ನವರು ನಮ್ಮ ದೇಶದಲ್ಲೇ ಆ 1.8 ಇಸುಝು ಹಾಕಿ ಸೆವೆನ್ ಹೋಲುವ ರೋಡ್‌ಸ್ಟರ್ ಮಾಡಿ ಮಾರಿದ್ದರು. ಪ್ರೀಮಿಯರ್ 118ಎನ್‌ಇ ಕೂಡ ಇತ್ತು, ಅದರಲ್ಲಿ ನಿಸ್ಸಾನ್ ಎ12.

ಗಂಗಾವತಿ ಗ್ಯಾರೇಜ್ (ಕೊಪ್ಪಳ ಜಿಲ್ಲೆ)

ಮರೆತಿಲ್ಲ. ಎರಡನೆಯ ಗೇರ್‌ಬಾಕ್ಸ್ ತೋರಿಸಿ, ಆಮೇಲೆ ಮಾತಾಡೋಣ. ಅಲ್ಲದೆ ಚೆನ್ನಾಗಿರುವ ಕಾಂಟೆಸ್ಸಾ ಸಿಕ್ಕರೆ ಅದನ್ನು ಕೊಯ್ಯಲು ನನಗಂತೂ ಮನಸ್ಸು ಬರುವುದಿಲ್ಲ.

ಬಿಸಿಲೂರು (ರಾಯಚೂರು)

ಎಸ್ಟೀಮ್ ಎಂಜಿನ್ನನ್ನು ಹಿಂದೆ ಇಡುವ ವಿಚಾರವನ್ನು ಯಾರೂ ಮುಟ್ಟಲಿಲ್ಲ. ಮುಂಭಾಗದ ಎಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಹಬ್ (ಚಕ್ರ ಕೂರುವ ಭಾಗ) ಎಲ್ಲವನ್ನೂ ಇಡಿಯಾಗಿ ಎತ್ತಿ ಹಿಂದಕ್ಕೆ ಕೂರಿಸಿದರೆ ಮುಗಿಯಿತಲ್ಲ. ಎಸ್ಟೀಮ್ ಗೇರ್‌ಬಾಕ್ಸಿಗೂ ಬರವಿಲ್ಲ.

ನಮ್ಮ ದೇಶದ ರೇಸಿಂಗ್ ಬೆಳೆದದ್ದೇ ಹಾಗೆ ಅಲ್ಲವೇ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಹಾಕಿ ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿಸಿದರು. ಅಂದಿನವರು ಅದನ್ನು 'ಫಿಸ್ಮೆ' ಎನ್ನುತ್ತಿದ್ದರು. ಈಗಿನ ಕರಿ ಸ್ಪೀಡ್‌ವೇಗೆ ಇರುವುದು ಅವರದೇ ಹೆಸರು. ಮಾರುತಿಯ ಸಣ್ಣ ಎಂಜಿನ್ನಿಗೆ ಮರ್ಯಾದೆ ತಂದುಕೊಟ್ಟವರು ಅವರು.

ಹಳೆಯ ಬಾಜಾ (ಬಳ್ಳಾರಿ)

ಕಾಕಾ, ಎತ್ತಿ ಕೂರಿಸುವುದು ಸುಲಭ, ಆಮೇಲಿನದು ಕಷ್ಟ. ಮುಂಚಕ್ರಕ್ಕೆಂದು ಮಾಡಿದ ಹಬ್‌ಗಳು ತಿರುಗುತ್ತವೆ. ಹಿಂದೆ ಹಾಕಿದಾಗ ಟೈ ರಾಡ್ ಜಾಗದಲ್ಲಿ ಅಲುಗದ ಕಡ್ಡಿ ಹಾಕಿ ಕಟ್ಟಬೇಕು. ಅದು ಒಂದಿಷ್ಟು ಸಡಿಲವಾದರೂ ಹಿಂಬದಿ ಚಕ್ರಗಳೇ ದಿಕ್ಕು ಬದಲಿಸುತ್ತವೆ, ವೇಗದಲ್ಲಿ ಕಾರು ಗಿರ್ರನೆ ತಿರುಗುತ್ತದೆ. ಗೇರ್ ಬದಲಿಸುವ ಜೋಡಣೆಯನ್ನು ಉದ್ದ ಮಾಡಬೇಕು. ರೇಡಿಯೇಟರ್ ಮೂತಿಯಲ್ಲಿಟ್ಟರೆ ಉದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಎಂಜಿನ್ ಕುದಿಯಲು ಅಷ್ಟು ಸಾಕು. ಮೊದಲ ಕಾರಿಗೆ ಬೇಡವೇ ಬೇಡ.

ಮುಂದೆ ಎಂಜಿನ್ನಿನ ಈಕೋದಲ್ಲೂ ಕೆಲಸವಿದೆ. ಅದರ ಮುಂಭಾಗ ಮೆಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಎತ್ತರದ ಕಂಬ. ಸೆವೆನ್‌ನ ತಗ್ಗು ಮೂತಿಯಲ್ಲಿ ಅಷ್ಟು ಎತ್ತರದ ಸ್ಟ್ರಟ್ ನಿಲ್ಲುವುದಿಲ್ಲ. ಹಬ್ಬನ್ನು ಇಟ್ಟುಕೊಂಡು, ಸ್ಟ್ರಟ್ ಕೂರುತ್ತಿದ್ದ ಜಾಗಕ್ಕೆ ಲೇಥ್‌ನಲ್ಲಿ ಒಂದು ಅಡಾಪ್ಟರ್ ತಿರುಗಿಸಿ, ಅದಕ್ಕೆ ಮೇಲಿನ ಬಾಲ್ ಜಾಯಿಂಟ್ ಕೂರಿಸಿ, ಎರಡು ವಿಷ್‌ಬೋನ್ ಮಾಡಬೇಕು. ಬ್ರಿಟನ್ನಿನ ಕಿಟ್‌ಗಳಲ್ಲಿ ಫೋರ್ಡ್ ಸಿಯೆರಾ ಹಬ್ಬಿಗೆ ಇದೇ ಉಪಾಯ ಮಾಡುತ್ತಾರೆ. ಸ್ಟಿಯರಿಂಗ್ ರ್ಯಾಕ್‌ನ ತುದಿಗಳು ವಿಷ್‌ಬೋನ್‌ಗಳ ಒಳತುದಿಗೆ ಹೊಂದಿಕೊಂಡಿರಬೇಕು. ಇಲ್ಲದಿದ್ದರೆ ಉಬ್ಬು ಸಿಕ್ಕಿದಾಗಲೆಲ್ಲ ಚಕ್ರ ತಾನಾಗಿಯೇ ತಿರುಗುತ್ತದೆ.

ಇನ್ನು ಎಣ್ಣೆ. ವ್ಯಾನಿನ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಉದ್ದನೆಯ ತಿರುವಿಗೆ ಮಾಡಿದ್ದಲ್ಲ. ಎಣ್ಣೆ ಒಂದು ಬದಿಗೆ ಸರಿದು ಪಂಪು ಗಾಳಿ ಹೀರಿದರೆ ಬೇರಿಂಗ್ ಹೋಯಿತು. ಸಂಪ್ ಬಿಚ್ಚಿದಾಗಲೇ ಒಳಗೆ ಅಡ್ಡ ತಗಡು ಬೆಸೆದುಕೊಳ್ಳಿ. ವೈರಿಂಗ್ ಪೂರ್ತಿ ಬೇಕು, ತುಂಡು ತುಂಡಾಗಿ ಕೊಳ್ಳಬೇಡಿ. ಕೀಲಿಯೊಳಗೆ ಚಿಪ್ ಇದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಕೀಲಿ ಎರಡೂ ಒಂದೇ ಗಾಡಿಯವಾಗಿರಬೇಕು.

ಕೌಲ್ ಬಜಾರ್ (ಬಳ್ಳಾರಿ)

ವ್ಯಾನಿನ ಗೇರು ತೀರಾ ಚಿಕ್ಕದಲ್ಲವೇ? ನೇರ ದಾರಿಯಲ್ಲಿ ಎಂಜಿನ್ ಅರಚುತ್ತಾ ನಿಲ್ಲುವುದಿಲ್ಲವೇ?

ಗಂಗಾವತಿ ಗ್ಯಾರೇಜ್ (ಕೊಪ್ಪಳ ಜಿಲ್ಲೆ)

ಇರುಂಗಾಟ್ಟುಕೋಟೈನ 3.7 ಕಿ.ಮೀ. ಸುತ್ತಿನ ಉದ್ದ ನೇರದಲ್ಲಿ ಅರಚುತ್ತದೆ. ಕರಿಯ ಸುತ್ತು ಅದಕ್ಕಿಂತ ಬಹಳ ಚಿಕ್ಕದು, ಅಲ್ಲಿ ಚಿಕ್ಕ ಗೇರೇ ಲಾಭ. ಆದ್ದರಿಂದ ಮೊದಲ ವರ್ಷ ಕರಿಗೆ ಹೋಗು. ಕಾರು ತಾಳಿತು ಎಂದ ಮೇಲೆ ಡಿಫರೆನ್ಷಿಯಲ್ ಹಲ್ಲಿನ ಚಿಂತೆ ಮಾಡು.

ಬಿಸಿಲೂರು (ರಾಯಚೂರು)

ಸಾಗಣೆಯ ಖರ್ಚು ಯಾರ ಲೆಕ್ಕದಲ್ಲೂ ಬಂದಿಲ್ಲ. ಬಳ್ಳಾರಿಯಿಂದ ಚೆನ್ನೈ ಹತ್ತಿರ ಹತ್ತಿರ 500 ಕಿ.ಮೀ., ಕೊಯಮತ್ತೂರು ಇನ್ನೂ ದೂರ. ನೋಂದಣಿ ಇಲ್ಲದ ಕಾರು ತನ್ನ ಕಾಲ ಮೇಲೆ ಹೋಗುವಂತಿಲ್ಲ. ಇದಕ್ಕೆಂದೇ ಹಣ ತೆಗೆದಿಡದಿದ್ದರೆ ಕಟ್ಟಿದ ಕಾರನ್ನು ಶೆಡ್ಡಿನಲ್ಲೇ ನೋಡಿಕೊಂಡು ಕೂರಬೇಕಾಗುತ್ತದೆ.

ಸಂಡೂರು ಲಾರಿ ಬಾಡಿ

ಟಾಟಾ ಏಸ್‌ನಲ್ಲಿ ಹಿಡಿಸುವುದಿಲ್ಲ, ಮೂರು ಮೀಟರಿಗಿಂತ ಉದ್ದದ ಕಾರು ಇದು. 14 ಅಡಿಯ ಕ್ಯಾಂಟರ್ ಸಾಕು. ಪೂರ್ತಿ ಬಾಡಿಗೆ ಕೊಡಬೇಡ. ಬಳ್ಳಾರಿಗೆ ಮಾಲು ಇಳಿಸಿ ಖಾಲಿ ಮರಳುವ ತಮಿಳುನಾಡಿನ ಗಾಡಿ ಹಿಡಿ, ದರ ಇಳಿಯುತ್ತದೆ. ಏರಿಸಲು ಹಲಗೆ ಉದ್ದವಾಗಿರಲಿ. ಇಷ್ಟು ತಗ್ಗಿನ ಕಾರಿನ ಹೊಟ್ಟೆ ಗಿಡ್ಡ ಹಲಗೆಗೆ ಉಜ್ಜುತ್ತದೆ.

ಸಿಂಧನೂರು ವಕೀಲ (ರಾಯಚೂರು ಜಿಲ್ಲೆ)

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುತ್ತಿದ್ದೀರಿ. ಮನೆಯಲ್ಲಿ ಕಟ್ಟಿದ ಕಾರನ್ನು ಒಳಗೆ ಬಿಡುತ್ತಾರೆಯೇ ಎಂದು ಟ್ರ್ಯಾಕ್ ಡೇ ಆಯೋಜಕರನ್ನು ಕೇಳಿದ್ದೀರಾ? ಟ್ಯೂಬು ಕೊಳ್ಳುವ ಮೊದಲು ನಕ್ಷೆ, ಕೇಜ್ ವಿವರ, ಅಗ್ನಿಶಾಮಕ, ಕಿಲ್ ಸ್ವಿಚ್ (ಒಮ್ಮೆಗೇ ವಿದ್ಯುತ್ ಕಡಿಯುವ ಗುಂಡಿ), ಎಳೆಯುವ ಕೊಕ್ಕೆ ಎಲ್ಲವನ್ನೂ ಬರೆದು ಕಳಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ 'ಬನ್ನಿ ಬನ್ನಿ' ಎಂದವರು ಗೇಟಿನಲ್ಲಿ ಇರುವುದಿಲ್ಲ.

ಹಳೆಯ ಬಾಜಾ (ಬಳ್ಳಾರಿ)

ಇದು ಈ ಚರ್ಚೆಯಲ್ಲೇ ಅತಿ ಮುಖ್ಯವಾದ ಮಾತು. ಜೊತೆಗೆ ಹೆಲ್ಮೆಟ್ ಬೈಕಿನದ್ದು ಬೇಡ. ಕಾರ್ ರೇಸಿನ ಹೆಲ್ಮೆಟ್‌ಗಳ ಒಳಪದರ ಬೆಂಕಿ ತಡೆಯುವಂಥದ್ದು, ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಗುರುತಿನಲ್ಲಿ ಎಸ್‌ಎ ಎಂದಿರುತ್ತದೆ. ಕಾರಿನ ಹೊರಮೈ ಕೆಲಸಕ್ಕೆ ಫೈಬರ್ ಗ್ಲಾಸ್ ಎಂದುಕೊಂಡಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಮುಟ್ಟಬೇಡಿ. ಬಳ್ಳಾರಿಯ ಬಿಸಿಲಿಗೆ ರೆಸಿನ್ ಬಕೆಟ್‌ನಲ್ಲೇ ಗಟ್ಟಿಯಾಗುತ್ತದೆ. ಮೂತಿ, ಮಡ್‌ಗಾರ್ಡ್ ಮಾತ್ರ ಫೈಬರ್, ಉಳಿದದ್ದು ಅಲ್ಯೂಮಿನಿಯಂ ತಗಡು, ರಿವೆಟ್.

ಕೌಲ್ ಬಜಾರ್ (ಬಳ್ಳಾರಿ)

ಎಲ್ಲರಿಗೂ ಉಪಕಾರವಾಯಿತು. ಈಕೋ ಎಂದು ನಿರ್ಧರಿಸಿದ್ದೇನೆ. ವರ್ಸಾ ಬಗ್ಗೆ ವಿಚಾರಿಸಲು ಗುಜರಿ ಅಂಗಡಿಗಳಿಗೆ ಹೋಗಿದ್ದೆ, ಗಂಗಾವತಿ ಅಣ್ಣ ಹೇಳಿದ 'ನೋಡೋಣ' ಎಂಬ ಉತ್ತರವೇ ಸಿಕ್ಕಿತು. ಹಿಂದಿನಿಂದ ಗುದ್ದಿಸಿಕೊಂಡ ಈಕೋ ಒಂದು ಇಲ್ಲೇ ಇದೆ. ಎಂಜಿನ್, ವೈರಿಂಗ್, ಕೀಲಿ ಎಲ್ಲ ಇವೆ. ಹಿಂದಿನ ಆಕ್ಸಲ್ ನೆಟ್ಟಗಿದೆಯೇ ಎಂಬುದೊಂದೇ ಅನುಮಾನ. ಆಯೋಜಕರಿಗೆ ಪತ್ರ ಬರೆದಿದ್ದೇನೆ. ಉತ್ತರ ಬರುವವರೆಗೆ ಗಾಡಿಗೆ ಮುಂಗಡ ಕೊಡುವುದಿಲ್ಲ.

ಗಂಗಾವತಿ ಗ್ಯಾರೇಜ್ (ಕೊಪ್ಪಳ ಜಿಲ್ಲೆ)

ಆಕ್ಸಲ್ ಹೊರಗೆ ತೆಗೆದು ಎರಡೂ ಹಬ್‌ಗಳ ಮುಖಕ್ಕೆ ನೇರ ಪಟ್ಟಿ ಕಟ್ಟಿ, ಮುಂದೆ ಹಿಂದೆ ಎರಡು ಕಡೆ ನಡುವಿನ ಅಂತರ ಅಳೆ. ವ್ಯತ್ಯಾಸ ಕಂಡರೆ ಬಿಟ್ಟುಬಿಡು. ಬೇರೊಂದು ನನ್ನಲ್ಲೇ ಬಿದ್ದಿದೆ, ಗುಜರಿ ದರಕ್ಕೆ ಕೊಡುತ್ತೇನೆ.

ಸಂಡೂರು ಲಾರಿ ಬಾಡಿ

ಮೇಜು ಬೇಕಾದರೆ ನಮ್ಮ ಶೆಡ್ಡಿಗೆ ಬಾ, ದಸರಾ ಆದ ಮೇಲೆ ಖಾಲಿ ಇರುತ್ತದೆ. ಕೇಜ್ ಪೈಪು ಬಾಗಿಸುವುದನ್ನು ಮಾತ್ರ ಬೇರೆ ಕಡೆ ನೋಡಿಕೋ. ನನ್ನ ಬಳಿ ಇರುವ ಡೈ 38 ಮಿ.ಮೀ.ಗೆ ನಿಲ್ಲುತ್ತದೆ, ನಿನಗೆ ಬೇಕಾದದ್ದು 45.

ಹಳೆಯ ಬಾಜಾ (ಬಳ್ಳಾರಿ)

45ರ ಡೈ ಇರುವವರು ಹೊಸಪೇಟೆಯಲ್ಲೊಬ್ಬರಿದ್ದಾರೆ. ಪೈಪು ತರಿಸುವ ಮುಂಚೆ ಅವರ ಡೈಯ ಬಾಗುವ ತ್ರಿಜ್ಯ ಎಷ್ಟೆಂದು ಕೇಳಿಕೊಂಡು ನಕ್ಷೆ ಮಾಡೋಣ, ಭಾನುವಾರ ಹೋಗಿ ಬರೋಣವೇ?